ಬಾಯಿಲ್ಲದವನ ಸಿಟ್ಟು

ಮಾಂಟೆಸರಿ ಎಂಬ ಹೆಸರು ಕೇಳದ ತಾಯಂದಿರು ನಮ್ಮ ಊರುಗಳಲ್ಲಿ ಈಗ ಇಲ್ಲವೆಂದೇ ಹೇಳಬೇಕು. ಎರಡು ಕೋಣೆಯ ಬಾಡಿಗೆ ಮನೆಯ ಮುಂದೆಯೂ ಆ ಹೆಸರಿನ ಬೋರ್ಡು ತೂಗುತ್ತಿರುತ್ತದೆ. ಒಳಗೆ ಹೋದರೆ ಮರದ ಅಚ್ಚುಗಳು, ಬಣ್ಣದ ಬಿಲ್ಲೆಗಳು, ಬೆರಳಾಡಿಸಿ ಕಲಿಯುವ ಒರಟು ಕಾಗದದ ಅಕ್ಷರಗಳು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮರಿಯಾ ಮಾಂಟೆಸರಿ, ಯುದ್ಧದ ಕಾರಣದಿಂದ 1946ರವರೆಗೆ ಭಾರತದಲ್ಲೇ ಉಳಿದು ನಮ್ಮ ಶಿಕ್ಷಕಿಯರಿಗೆ ತರಬೇತಿ ಕೊಟ್ಟರು. ಆ ಪದ್ಧತಿ ನಮ್ಮಲ್ಲಿ ಇಷ್ಟು ಹರಡಲು ಅದೂ ಒಂದು ಕಾರಣ.

ಆದರೆ ಈ ಸಾಮಾನುಗಳ ವಂಶ ಹುಡುಕಿಕೊಂಡು ಹಿಂದೆ ಹಿಂದೆ ಹೋದರೆ ಕೊನೆಗೆ ಸಿಗುವವನು ಮಾತು ಬಾರದ, ಹತ್ತಿರ ಬಂದವರನ್ನು ಪರಚಿ ಕಚ್ಚುತ್ತಿದ್ದ ಒಬ್ಬ ಹುಡುಗ. ಅವನ ಪಕ್ಕದಲ್ಲಿ, ಅವನನ್ನು ನೋಡಿಕೊಳ್ಳಲು ಸಂಬಳಕ್ಕೆ ನೇಮಕವಾದ ಒಬ್ಬ ಹೆಂಗಸು. ಹುಡುಗನ ಹೆಸರು ವಿಕ್ಟರ್. ಆಕೆ ಮದಾಂ ಗೆರಾನ್. ಅವರ ಕಥೆಯನ್ನು ಬರೆದಿಟ್ಟವನು ಝಾಂ ಇಟಾರ್ ಎಂಬ ಫ್ರೆಂಚ್ ವೈದ್ಯ. ಅವನ ಎರಡು ವರದಿಗಳನ್ನು ಮಾಂಟೆಸರಿ ತಮ್ಮ ಕೈಯಾರೆ ಇಟಾಲಿಯನ್ನಿಗೆ ಬರೆದುಕೊಂಡು ಓದಿದ್ದರು.

ಆ ವರದಿಗಳನ್ನು ನಾನು ಇಂಗ್ಲಿಷಿನಲ್ಲಿ ಓದಿದೆ. ಓದುತ್ತಾ ಹೋದಂತೆ ಪಾಠದ ವಿಚಾರಕ್ಕಿಂತ ಬೇರೊಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಬಾಯಿ ಇಲ್ಲದ ಮಗು ರೊಚ್ಚಿಗೆದ್ದಾಗ ದೊಡ್ಡವರು ಏನು ಮಾಡುತ್ತಾರೆ? ಇನ್ನೂರು ವರ್ಷಗಳಲ್ಲಿ ಏನೇನು ಮಾಡಿದ್ದಾರೆ?

* * *

1800ನೆಯ ಇಸವಿಯ ಜನವರಿ. ದಕ್ಷಿಣ ಫ್ರಾನ್ಸಿನ ಅವೆರೋನ್ ಪ್ರಾಂತ್ಯದ ಸೇಂಟ್ ಸರ್ನಿನ್ ಎಂಬ ಹಳ್ಳಿಗೆ ಕಾಡಿನ ಕಡೆಯಿಂದ ಒಬ್ಬ ಹುಡುಗ ಬಂದ. ಹನ್ನೊಂದು ಹನ್ನೆರಡು ವರ್ಷ ಇರಬಹುದು. ಮೈಮೇಲೆ ಹರಿದ ಅಂಗಿಯ ಚಿಂದಿ, ಮೈತುಂಬ ಗಾಯದ ಕಲೆಗಳು. ಮಾತಿಲ್ಲ. ಮಹಾಕ್ರಾಂತಿ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ನಾಗರಿಕತೆ ಸೋಕದ ಮನುಷ್ಯ ಹೇಗಿರುತ್ತಾನೆ ಎಂದು ತಿಳಿಯಲು ಪ್ಯಾರಿಸಿನ ವಿದ್ವಾಂಸರೆಲ್ಲ ಕಾತರರಾಗಿದ್ದರು. ಆಗಸ್ಟಿನಲ್ಲಿ ಹುಡುಗನನ್ನು ರಾಜಧಾನಿಗೆ ಕರೆತಂದರು. ನೋಡಲು ಜನ ಮುಗಿಬಿದ್ದರು.

ಅವರಿಗೆ ಕಂಡದ್ದು, ಬೋನಿನ ಪ್ರಾಣಿಯಂತೆ ಹಿಂದೆ ಮುಂದೆ ತೂಗುತ್ತ ಕೂತ ಕೊಳಕು ಹುಡುಗ. ಎದುರು ಬಂದವರನ್ನು ಕಚ್ಚುತ್ತಾನೆ, ಪರಚುತ್ತಾನೆ, ಯಾರ ಮುಖವನ್ನೂ ನೋಡುವುದಿಲ್ಲ. ಕುತೂಹಲ ಬೇಗ ಆರಿತು. ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳ ಸರಪಳಿ ಬಿಚ್ಚಿಸಿದ ಕೀರ್ತಿ ಯಾರದೋ, ಆ ಮಹಾವೈದ್ಯ ಪಿನೆಲ್ ಕೂಡ ಇವನು ಹುಟ್ಟು ಮಂದಬುದ್ಧಿಯವನು, ಇವನನ್ನು ತಿದ್ದಲಾಗದು ಎಂದುಬಿಟ್ಟ. ಹುಡುಗನಿಗೆ ಆಟಿಸಂ ಇದ್ದಿರಬಹುದು ಎಂದು ಈಚಿನ ಕೆಲವು ಮನೋವಿಜ್ಞಾನಿಗಳು ವಾದಿಸಿದ್ದಾರೆ. ಆ ಕಾಲಕ್ಕೆ ಆ ಹೆಸರೇ ಇರಲಿಲ್ಲ.

ಒಪ್ಪದವನು ಇಟಾರ್ ಒಬ್ಬ. ಇಪ್ಪತ್ತಾರರ ತರುಣ, ಕಿವುಡ ಮಕ್ಕಳ ಸಂಸ್ಥೆಯ ವೈದ್ಯ. ಹುಡುಗನನ್ನು ಅಲ್ಲಿಯೇ ಇಟ್ಟುಕೊಂಡು ಕಲಿಸಲು ಹೊರಟ. ಕಲಿಸುವವನು ಇಟಾರ್. ಉಣಿಸಿ, ತೊಳೆದು, ತಿರುಗಾಡಿಸಿ, ಮಲಗಿಸುವವಳು ಮದಾಂ ಗೆರಾನ್.

ಮೊದಲ ದಿನಗಳಲ್ಲಿ ಅವರು ಮಾಡಿದ ಕೆಲಸ ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ. ಏನನ್ನೂ ಕಲಿಸಲಿಲ್ಲ. ಈ ಹೊಸ ಬದುಕು ಅವನಿಗೆ ಮೊದಲು ಹಿತವಾಗಬೇಕು, ಬಿಟ್ಟುಬಂದ ಕಾಡಿಗೆ ಆದಷ್ಟು ಹತ್ತಿರವಾಗಿರಬೇಕು ಎಂಬುದೇ ಇಟಾರನ ಮೊದಲ ಗುರಿ. ಕತ್ತಲಾದೊಡನೆ ನಿದ್ದೆ, ಇಷ್ಟವಾದ ಊಟ, ಬೇಕಾದಷ್ಟು ಹೊತ್ತು ಸುಮ್ಮನಿರುವುದು, ಬಯಲಿನಲ್ಲಿ ಓಡಾಟ, ಬಿಸಿನೀರ ಸ್ನಾನ. ಹಿಮ ಬಿದ್ದ ಬೆಳಿಗ್ಗೆ ಅರೆಬಟ್ಟೆಯಲ್ಲೇ ಕುಣಿಯುತ್ತ ಅಂಗಳಕ್ಕೆ ಓಡಿದರೆ ಆ ಸಂತೋಷಕ್ಕೆ ಅಡ್ಡಿಯಿಲ್ಲ. ಕೆಲವೇ ತಿಂಗಳಲ್ಲಿ ಹುಡುಗ ಶಾಂತನಾದ. ಮದಾಂ ಗೆರಾನ್ ಹೊರಗೆ ಹೋದರೆ ಮುಖ ಬಾಡಿಸಿಕೊಳ್ಳುವಷ್ಟು ಆಕೆಯನ್ನು ಹಚ್ಚಿಕೊಂಡ. ಆಕೆಯ ತಾಳ್ಮೆಯನ್ನೂ ಬುದ್ಧಿಯನ್ನೂ ಇಟಾರ್ 1801ರ ವರದಿಯಲ್ಲಿ ಮನಸಾರೆ ಹೊಗಳಿದ್ದಾನೆ.

ಮಾತು ಬಾರದಿದ್ದರೂ ಹುಡುಗನಿಗೆ ಹೇಳುವುದು ಗೊತ್ತಿತ್ತು. ಹಾಲು ಬೇಕಾದರೆ ಮರದ ಬಟ್ಟಲನ್ನು ತಂದು ಹಿಡಿಯುತ್ತಿದ್ದ. ನೋಡಲು ಬಂದವರು ಎದ್ದು ಹೋಗದೆ ಬೇಸರ ತರಿಸಿದರೆ ಅವರ ಟೋಪಿ, ಕೈಚೀಲ, ಬೆತ್ತ ತಂದುಕೊಟ್ಟು ಬಾಗಿಲ ಕಡೆ ಮೆಲ್ಲಗೆ ನೂಕುತ್ತಿದ್ದ. ನಂಟರು ಹೊತ್ತು ಮೀರಿ ಕೂತಾಗ ನಮಗೂ ಹಾಗೆ ಮಾಡೋಣ ಅನ್ನಿಸಿದ್ದಿದೆಯಲ್ಲವೆ! ಒಮ್ಮೆ ಇಟಾರ್ ರಟ್ಟಿನ ನಾಲ್ಕು ಅಕ್ಷರ ಜೋಡಿಸಿ ಹಾಲು ಎಂಬ ಫ್ರೆಂಚ್ ಪದ ಕಲಿಸಿದ. ವಾರ ಕಳೆದಿತ್ತು. ದಿನಾ ಹಾಲು ಸಿಗುವ ಒಂದು ಮನೆಗೆ ಹೊರಟಾಗ ಹುಡುಗ ಯಾರೂ ಹೇಳದೆ ಆ ಅಕ್ಷರಗಳನ್ನು ಜೊತೆಗೆ ಒಯ್ದ. ಅಲ್ಲಿ ಮೇಜಿನ ಮೇಲೆ ಜೋಡಿಸಿ ತೋರಿಸಿದ. ಹಾಲು ಕೊಡಿ ಎಂದು ಬಾಯಿಲ್ಲದವನು ಕೇಳಿದ್ದ.

* * *

ಕಷ್ಟ ಶುರುವಾದದ್ದು ಪಾಠ ಬಿಗಿಯಾದ ಮೇಲೆ.

ಚಿತ್ರಕ್ಕೆ ಚಿತ್ರ, ಅಕ್ಷರಕ್ಕೆ ಅಕ್ಷರ ಹೊಂದಿಸುವ ಆಟ ಒಂದೊಂದು ಮೆಟ್ಟಿಲು ಕಠಿಣವಾದಂತೆ ವಿಕ್ಟರ್ ಕಾರ್ಡುಗಳನ್ನು ಚೆಲ್ಲಿ ಹಾಸಿಗೆಗೆ ಓಡುತ್ತಿದ್ದ. ಒತ್ತಾಯ ಹೆಚ್ಚಿದಂತೆ ರಂಪವೂ ಹೆಚ್ಚಿತು. ಹೊದಿಕೆ ಕಚ್ಚುವುದು, ಒಲೆಯ ಬೂದಿ, ಉರಿಯುವ ಕೊಳ್ಳಿಗಳನ್ನು ಕೋಣೆಯೆಲ್ಲ ಎರಚುವುದು, ಕೊನೆಗೆ ಮೂರ್ಛೆರೋಗದಂತೆ ಸೆಟೆದು ಬೀಳುವುದು. ಪಾಠ ನಿಲ್ಲುತ್ತಿತ್ತು. ರಂಪ ಮಾಡಿದರೆ ಪಾಠ ನಿಲ್ಲುತ್ತದೆ ಎಂಬುದನ್ನು ಹುಡುಗ ಕಲಿತ. ಹುಡುಗ ಅದನ್ನು ಕಲಿತ ಎಂಬುದನ್ನು ಇಟಾರ್ ಗಮನಿಸಿದ.

ಆಗ ಅವನು ಮಾಡಿದ್ದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ವಿಕ್ಟರನಿಗೆ ಎತ್ತರ ಕಂಡರೆ ವಿಪರೀತ ಭಯ. ಒಂದು ದಿನ ರಂಪ ಏರುತ್ತಿದ್ದಾಗ ಇಟಾರ್ ನಾಲ್ಕನೆಯ ಮಹಡಿಯ ಕಿಟಕಿಯನ್ನು ಧಡಾರನೆ ತೆರೆದ. ಹುಡುಗನನ್ನು ಹಿಡಿದೆತ್ತಿ, ಕೆಳಗಿನ ಕಲ್ಲುಹಾಸು ಕಾಣುವಂತೆ ತಲೆ ಕೆಳಗಾಗಿ ಹೊರಗೆ ಹಿಡಿದ. ಒಳಗೆ ತೆಗೆದುಕೊಂಡಾಗ ಹುಡುಗ ಬಿಳಿಚಿಕೊಂಡಿದ್ದ. ಮೈಯೆಲ್ಲ ತಣ್ಣನೆಯ ಬೆವರು, ನಡುಕ. ಚೆಲ್ಲಿದ ಕಾರ್ಡುಗಳನ್ನೆಲ್ಲ ಒಂದೊಂದಾಗಿ ಆಯ್ದು ಇಟ್ಟ. ಆಮೇಲೆ ಹಾಸಿಗೆಗೆ ಬಿದ್ದು ಬಿಕ್ಕಿಬಿಕ್ಕಿ ಅತ್ತ. ಹುಡುಗ ಕಣ್ಣೀರು ಹಾಕಿದ್ದನ್ನು ತಾನು ಕಂಡದ್ದು ಅದೇ ಮೊದಲು ಎಂದು ಇಟಾರ್ ಬರೆಯುತ್ತಾನೆ.

ಇದನ್ನು ಚಿಕಿತ್ಸೆ ಎಂದೇ ಅವನು ನಂಬಿದ್ದ. ರಂಪ ಇಳಿಯಿತು, ನಿಜ. ಇಲ್ಲಿಂದ ಮುಂದಿನ ಚರಿತ್ರೆಯೆಲ್ಲ ಈ ಕಿಟಕಿಯ ನೆರಳಿನಲ್ಲೇ ನಡೆದಂತೆ ನನಗೆ ತೋರುತ್ತದೆ. ಭಯ ಹುಟ್ಟಿಸಿದರೆ ಮಗು ಸುಮ್ಮನಾಗುತ್ತದೆ. ಸುಮ್ಮನಾದ ಮಗುವಿಗೆ ಅರ್ಥವಾಯಿತು ಎಂದುಕೊಳ್ಳುವುದು ದೊಡ್ಡವರಿಗೆ ಸುಲಭ. ಪಾಠ ಕಷ್ಟ ಎಂದು ಹೇಳಲು ವಿಕ್ಟರನಿಗೆ ಇದ್ದದ್ದು ಒಂದೇ ಭಾಷೆ, ಆ ರಂಪ. ಅದನ್ನು ಕಿತ್ತುಕೊಂಡರು, ಬದಲಿಗೆ ಏನನ್ನೂ ಕೊಡಲಿಲ್ಲ. ಹಾಲಿಗೆ ನಾಲ್ಕು ಅಕ್ಷರ ಕೊಟ್ಟವರು 'ಸಾಕು' ಎನ್ನುವುದಕ್ಕೆ ಒಂದು ಅಕ್ಷರವನ್ನೂ ಕೊಡಲಿಲ್ಲ.

ಇಟಾರ್ ಕ್ರೂರಿ ಎಂದು ಮಾತ್ರ ಹೇಳಲಾರೆ. ಅದೇ ಮನುಷ್ಯ 1806ರಲ್ಲಿ ಬರೆದ ಎರಡನೆಯ ವರದಿಯಲ್ಲಿ ಇನ್ನೊಂದು ಪ್ರಸಂಗ ಬರುತ್ತದೆ. ಹುಡುಗನಿಗೆ ನ್ಯಾಯ ಅನ್ಯಾಯದ ಅರಿವಿದೆಯೇ ಎಂದು ಪರೀಕ್ಷಿಸಲು, ಪಾಠ ಸರಿಯಾಗಿ ಮಾಡಿದ ದಿನವೇ ಬೇಕೆಂದು ಅವನನ್ನು ಬೈದು, ಶಿಕ್ಷೆಯ ಕತ್ತಲೆ ಕೋಣೆಗೆ ಎಳೆದ. ತಪ್ಪು ಮಾಡಿದ ದಿನ ತಲೆತಗ್ಗಿಸಿ ಹೋಗುತ್ತಿದ್ದ ವಿಕ್ಟರ್ ಅಂದು ಪೂರಾ ಬಲ ಹಾಕಿ ಎದುರಿಸಿದ, ಗುರುವಿನ ಕೈಯನ್ನು ಹಲ್ಲು ನಾಟುವಂತೆ ಕಚ್ಚಿದ. ಕೈ ನೋಯುತ್ತಿದ್ದರೂ ಇಟಾರನ ಮನಸ್ಸು ಹಿಗ್ಗಿತು. ಆ ಕಡಿತದಲ್ಲಿ ಅವನಿಗೆ ಮನುಷ್ಯತ್ವ ಕಂಡಿತು. ಇದು ಅನ್ಯಾಯ ಎಂದು ಹುಡುಗ ಹಲ್ಲಿನಿಂದ ಹೇಳಿದ್ದ. ಮಗು ಕಚ್ಚಿದರೆ ಕಾರಣವಿರಬಹುದು, ಆ ಕಾರಣ ಸರಿಯೂ ಆಗಿರಬಹುದು ಎಂದು ಒಬ್ಬ ವೈದ್ಯ ಆ ಕಾಲದಲ್ಲೇ ಒಪ್ಪಿಕೊಂಡ. ಅವನು ಒಂದು ದಿನ ಒಪ್ಪಿಕೊಂಡದ್ದು ಮದಾಂ ಗೆರಾನಳಿಗೆ ದಿನದ ಬದುಕಾಗಿತ್ತು.

ಊಟದ ಮೇಜಿಗೆ ತಟ್ಟೆ ಇಡುವುದು ವಿಕ್ಟರನ ಕೆಲಸ. ಆಕೆಯ ಗಂಡ ಕಾಯಿಲೆ ಬಿದ್ದು ತೀರಿಕೊಂಡ ದಿನವೂ ಎಂದಿನಂತೆ ಅವನ ತಟ್ಟೆ ಇಟ್ಟ. ಆಕೆ ಅದನ್ನು ನೋಡಿ ದುಃಖ ತಡೆಯದೆ ಅತ್ತಳು. ಹುಡುಗ ಅವಳ ಮುಖ ನೋಡಿದ. ತಟ್ಟೆಯನ್ನು ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟ. ಮುಂದೆಂದೂ ಅದನ್ನು ತೆಗೆಯಲಿಲ್ಲ. ಅರ್ಥ ಮಾಡಿಕೊಳ್ಳಲಾರ ಎಂದು ಮಹಾವೈದ್ಯರು ತೀರ್ಪು ಕೊಟ್ಟ ಹುಡುಗ ಇವನೇ.

ವಿಕ್ಟರನಿಗೆ ಮಾತು ಬರಲೇ ಇಲ್ಲ. ಇಟಾರ್ ಸೋತು ಕೈಬಿಟ್ಟ. ಮದಾಂ ಗೆರಾನ್ ಬಿಡಲಿಲ್ಲ. ಸಂಸ್ಥೆಯ ಹತ್ತಿರದ ಒಂದು ಓಣಿಯ ಮನೆಯಲ್ಲಿ ಅವನನ್ನು ಇಟ್ಟುಕೊಂಡಳು. 1828ರಲ್ಲಿ ಅವನು ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದ.

* * *

ಮುಂದೇನಾಯಿತು? ಇಟಾರನ ಶಿಷ್ಯ ಸೆಗ್ವೆನ್ ಆ ಪಾಠಗಳನ್ನು ಬೆಳೆಸಿದ. 1850ರ ಸುಮಾರಿಗೆ ಅಮೆರಿಕಕ್ಕೆ ಹೋಗಿ ಅಲ್ಲಿಯೂ ಇಂಥ ಮಕ್ಕಳ ಶಾಲೆಗಳಿಗೆ ದಾರಿ ತೋರಿದ. ಅವನ ಬರಹಗಳಿಂದ ಕಲಿತ ಮಾಂಟೆಸರಿ ಮೊದಲು ರೋಮಿನಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಹೇಳಿದರು. 1907ರಲ್ಲಿ ಬಡವರ ಬಡಾವಣೆಯೊಂದರಲ್ಲಿ ತಮ್ಮ ಮಕ್ಕಳ ಮನೆ ತೆರೆದರು. ವಿಕ್ಟರನಿಗಾಗಿ ಹುಟ್ಟಿದ ಅಕ್ಷರ, ಅಚ್ಚು, ಆಟಗಳೆಲ್ಲ ಹೀಗೆ ಚುರುಕು ಮಕ್ಕಳ ಪಾಲಾದವು. ವಿಕ್ಟರನಂಥ ಮಕ್ಕಳ ಪಾಲಿಗೆ ಬಂದದ್ದು ದೊಡ್ಡ ದೊಡ್ಡ ಕಟ್ಟಡಗಳು.

ನ್ಯೂಯಾರ್ಕಿನ ವಿಲೋಬ್ರೂಕ್ ಅಂಥದೊಂದು ಸರ್ಕಾರಿ ವಸತಿಶಾಲೆ. 4,000 ಮಂದಿಗಾಗಿ ಕಟ್ಟಿದ್ದು. 1960ರ ದಶಕದಲ್ಲಿ ಅಲ್ಲಿ 6,000ಕ್ಕೂ ಹೆಚ್ಚು ಜನರನ್ನು ತುಂಬಿದ್ದರು. 1965ರಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಹೋಗಿ ನೋಡಿ ಹೇಸಿಕೊಂಡರು. 1972ರಲ್ಲಿ ಹೆರಾಲ್ಡೊ ರಿವೆರಾ ಎಂಬ ವರದಿಗಾರ ಕ್ಯಾಮರಾ ಹಿಡಿದು ಒಳನುಗ್ಗಿದಾಗ ಬೆತ್ತಲೆ ನೆಲದ ಮೇಲೆ ಮುದುಡಿ ನರಳುವ ಮಕ್ಕಳನ್ನು ಇಡೀ ದೇಶ ಟಿ.ವಿ.ಯಲ್ಲಿ ಕಂಡಿತು. ಅಂಥ ಕಡೆ ಒಂದು ಮಗು ಸುಮ್ಮನೆ ಕೂತರೆ ಯಾರೂ ಬರುವುದಿಲ್ಲ. ತಲೆ ಗೋಡೆಗೆ ಚಚ್ಚಿಕೊಂಡರೆ ಯಾರಾದರೂ ಓಡಿಬರುತ್ತಾರೆ. ಹಾಗಿದ್ದ ಮೇಲೆ ಮಗು ಏನನ್ನು ಕಲಿಯಬೇಕು ಹೇಳಿ? ತಂದೆತಾಯಿಯರು ನ್ಯಾಯಾಲಯಕ್ಕೆ ಹೋದರು. 1975ರಲ್ಲಿ ಒಪ್ಪಂದವಾಯಿತು. 1987ರಲ್ಲಿ ವಿಲೋಬ್ರೂಕ್ ಮುಚ್ಚಿತು.

ಇಟಾರನ ಕಿಟಕಿಯೂ ಹೊಸ ರೂಪದಲ್ಲಿ ಬಂತು. 1965ರಲ್ಲಿ ಲೈಫ್ ಪತ್ರಿಕೆ ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಲೊವಾಸ್ ಆಟಿಸಂ ಮಕ್ಕಳನ್ನು ತಿದ್ದುವ ಚಿತ್ರಗಳನ್ನು ಅಚ್ಚು ಹಾಕಿತು. ತಿದ್ದುವ ಸಾಧನಗಳಲ್ಲಿ ಗದರಿಕೆ, ಕಪಾಳಮೋಕ್ಷ, ವಿದ್ಯುತ್ ಆಘಾತ ಇದ್ದವು. ಇದೆಲ್ಲ ಹಳೆಯ ಮಾತು ಎನ್ನುವಂತಿಲ್ಲ. ಮೈಗೆ ಕಟ್ಟಿ ಆಘಾತ ಕೊಡುವ ಯಂತ್ರಗಳನ್ನು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ನಿಷೇಧಿಸಿದ್ದು 2020ರಲ್ಲಿ. ಮರುವರ್ಷವೇ ಒಂದು ನ್ಯಾಯಾಲಯ ಆ ನಿಷೇಧವನ್ನು ರದ್ದು ಮಾಡಿತು.

ಇದರ ನಡುವೆಯೇ ಕೆಲವರು ಬೇರೆ ಪ್ರಶ್ನೆ ಕೇಳತೊಡಗಿದ್ದರು. ಇದನ್ನು ನಿಲ್ಲಿಸುವುದು ಹೇಗೆ ಎನ್ನುವ ಮೊದಲು, ಇದರಿಂದ ಮಗುವಿಗೆ ಏನು ಸಿಗುತ್ತಿದೆ ಎಂದು ಕೇಳಿದರು. 1982ರಲ್ಲಿ ಬ್ರಯನ್ ಇವಾಟ ಮತ್ತು ಅವರ ಜೊತೆಗಾರರು ತಮ್ಮನ್ನು ತಾವೇ ಗಾಯಪಡಿಸಿಕೊಳ್ಳುತ್ತಿದ್ದ 9 ಮಕ್ಕಳನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಗಮನಿಸಿದರು. ಕೆಲಸ ಹೇಳಿದಾಗ, ಒಂಟಿಯಾಗಿ ಬಿಟ್ಟಾಗ, ಹೊಡೆದುಕೊಂಡೊಡನೆ ಯಾರಾದರೂ ಮಾತಾಡಿಸಿದಾಗ, ಸುಮ್ಮನೆ ಆಡಲು ಬಿಟ್ಟಾಗ. ಒಂದೇ ಬಗೆಯ ಹೊಡೆದುಕೊಳ್ಳುವಿಕೆಗೆ ಒಬ್ಬೊಬ್ಬರಲ್ಲಿ ಒಂದೊಂದು ಕಾರಣ ಇರಬಹುದೆಂದು ತಿಳಿಯಿತು.

1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಇನ್ನೊಂದು ಹೆಜ್ಜೆ ಇಟ್ಟರು. ರಂಪ ಮಾಡುತ್ತಿದ್ದ 4 ಮಕ್ಕಳಿಗೆ ಒಂದೊಂದು ಮಾತು ಕಲಿಸಿದರು. ಪಾಠ ಕಷ್ಟವಾಗಿ ರೇಗುವ ಮಗುವಿಗೆ 'ನನಗೆ ಅರ್ಥವಾಗುತ್ತಿಲ್ಲ' ಎನ್ನುವ ಮಾತು. ಯಾರೂ ಗಮನಿಸುತ್ತಿಲ್ಲವೆಂದು ರೇಗುವ ಮಗುವಿಗೆ 'ನಾನು ಚೆನ್ನಾಗಿ ಮಾಡುತ್ತಿದ್ದೇನಾ' ಎನ್ನುವ ಮಾತು. ಸರಿಯಾದ ಮಾತು ಸಿಕ್ಕೊಡನೆ ರಂಪ ಇಳಿಯಿತು. ಕಾರಣಕ್ಕೆ ಹೊಂದದ ಮಾತು ಕಲಿಸಿದಾಗ ಇಳಿಯಲಿಲ್ಲ. ವಿಕ್ಟರನಿಗೆ ಕೊಡದೆ ಹೋದ ಆ ಒಂದು ಅಕ್ಷರವನ್ನು ಕೊಡಲು ವಿಜ್ಞಾನಕ್ಕೆ ಸುಮಾರು 185 ವರ್ಷ ಬೇಕಾಯಿತು.

* * *

ಇದನ್ನು ಓದುವಾಗ ನನಗೆ ನಮ್ಮ ಬೀದಿಯ ಒಬ್ಬ ತಾಯಿಯ ನೆನಪಾಯಿತು. ಆಕೆಯ ಮಗನಿಗೆ ಇಪ್ಪತ್ತು ದಾಟಿದೆ, ಮಾತಿಲ್ಲ. ಸಂಜೆಯಾದರೆ ಹಣೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದ. ಹಿಡಿಯಹೋದವರಿಗೆ ಏಟು. ಸಂಜೆ ಹೊತ್ತಿನ ಗಾಳಿಚೇಷ್ಟೆ, ತಾಯಿತ ಕಟ್ಟಿಸು ಎಂದರು ಕೆಲವರು. ಕಿಟಕಿಯ ಸರಳಿಗೆ ಕಟ್ಟಿಹಾಕು ಎಂದರು ಮನೆಯ ಹಿರಿಯರು. ಆಕೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ದಿನಾ ಅವನು ರೇಗಿದ ಹೊತ್ತನ್ನು ಗುರುತು ಹಾಕತೊಡಗಿದಳು. ಸೋಮವಾರಗಳೆಲ್ಲ ಖಾಲಿ ಉಳಿದವು. ಸೋಮವಾರ ಹಿಂದಿನ ಬೀದಿಯ ಹಿಟ್ಟಿನ ಗಿರಣಿಗೆ ರಜ!

"ಮೂರು ವರ್ಷ ಬೇಕಾಯ್ತು ಅಕ್ಕಾ, ಆ ಗಿರಣಿ ಸದ್ದು ಅವನ ತಲೆ ಒಳಗೇ ತಿರುಗ್ತಿದೆ ಅಂತ ಗೊತ್ತಾಗೋಕೆ" ಎಂದಳು. ಈಗ ಗಿರಣಿ ಶುರುವಾಗುವ ಮೊದಲೇ ಅವನನ್ನು ಕೆರೆಯ ಏರಿಯ ಕಡೆ ಕರೆದೊಯ್ಯುತ್ತಾಳೆ. ಸದ್ದು ತಡೆಯಲಾಗದಿದ್ದರೆ ಅವಳ ಸೆರಗು ಎಳೆಯಬೇಕೆಂದು ಕಲಿಸಿದ್ದಾಳೆ. ಸೆರಗು ಎಳೆದಾಗ, ಕೈಯಲ್ಲಿ ಎಷ್ಟೇ ಕೆಲಸವಿರಲಿ, ಎದ್ದು ಹೋಗುತ್ತಾಳೆ. ಎದ್ದು ಹೋಗದಿದ್ದರೆ ಮತ್ತೆ ಗೋಡೆಯೇ ಗತಿ ಎಂದು ಅವಳಿಗೆ ಗೊತ್ತು. ಯಾವ ತರಬೇತಿಯೂ ಇಲ್ಲದ ಈಕೆ ಮದಾಂ ಗೆರಾನಳ ಕುಲದವಳು.

ಬಲ್ಲವರು ಇಂದು ಹೇಳುವುದೂ ಇದನ್ನೇ. ರೇಗುವ ಮೊದಲು ಏನಾಯಿತು, ಆಮೇಲೆ ಅವನಿಗೆ ಏನು ಸಿಕ್ಕಿತು ಎಂದು ಬರೆದಿಡಿ. ಎಲ್ಲಕ್ಕಿಂತ ಮೊದಲು ನೋವಿದೆಯೇ ನೋಡಿ. ಹಲ್ಲುನೋವು, ಕಿವಿಸೋರು, ಮಲಬದ್ಧತೆ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಹೊಟ್ಟೆನೋವು ಎಷ್ಟೋ ಸಲ 'ಹಠ' ಎಂಬ ಹೆಸರಿನಲ್ಲಿ ಏಟು ತಿಂದಿವೆ. ಕುಕ್ಕರಿನ ಸೀಟಿ, ಮಿಕ್ಸಿ, ಮದುವೆ ಮನೆಯ ವಾಲಗ ಕೆಲವರಿಗೆ ಕಿವಿಗೆ ಕಾದ ಸೀಸ ಹೊಯ್ದಂತೆ. ರೇಗಿದ ಗಳಿಗೆಯಲ್ಲಿ ಬುದ್ಧಿ ಹೇಳಬೇಡಿ. ದನಿ ತಗ್ಗಿಸಿ, ಮಾತು ಕಡಿಮೆ ಮಾಡಿ, ನೆರೆದವರನ್ನು ಆಚೆ ಕಳಿಸಿ, ಚುಚ್ಚುವ ಒಡೆಯುವ ಸಾಮಾನು ಸರಿಸಿ, ತುಸು ದೂರದಲ್ಲಿ ಪಕ್ಕಕ್ಕೆ ನಿಲ್ಲಿ. ಬೋರಲು ಕೆಡವಿ ಅದುಮಿ ಹಿಡಿದಾಗ ಉಸಿರುಕಟ್ಟಿ ಸತ್ತವರಿದ್ದಾರೆ. ಎಲ್ಲ ತಣ್ಣಗಾದ ಮೇಲೆ, ಬೇರೊಂದು ಹೊತ್ತಿನಲ್ಲಿ, ಅದೇ ಸಂಗತಿಯನ್ನು ಹೇಳಲು ಒಂದು ಸನ್ನೆಯನ್ನೋ ಚಿತ್ರವನ್ನೋ ಕಲಿಸಿ. ಆ ಸನ್ನೆಗೆ ಮನೆಯವರೆಲ್ಲ ತಪ್ಪದೆ ಓಗೊಡಿ. ಇಷ್ಟಾದರೂ ರಂಪ ಇಳಿಯದ ಮನೆಗಳಿವೆ. ಅಲ್ಲಿ ವೈದ್ಯರು, ಮನೋವಿಜ್ಞಾನಿ, ವಿಶೇಷ ಶಿಕ್ಷಕಿ ಕೂಡಿ ನೋಡಬೇಕು.

ಪಕ್ಕದಲ್ಲಿ ನಿಂತು ನೋಡುವ ನಮ್ಮ ಪಾಲೂ ಇಲ್ಲಿ ಸಣ್ಣದಲ್ಲ. ಛತ್ರದಲ್ಲಿ ಇಂಥ ಮಗು ಕಿರುಚಿದಾಗ ಹತ್ತು ಕಣ್ಣುಗಳು ತಿರುಗುವುದು ತಾಯಿಯ ಕಡೆಗೆ. ಎರಡು ಸಲ ಹಾಗಾದರೆ ಮೂರನೆಯ ಮದುವೆಗೆ ಆಕೆ ಬರುವುದಿಲ್ಲ. ವಿಲೋಬ್ರೂಕಿನಲ್ಲಿ ಮಕ್ಕಳನ್ನು ಕೂಡಿಹಾಕಿದರು. ನಮ್ಮಲ್ಲಿ ಮಗುವಿನ ಜೊತೆಗೆ ತಾಯಿಯನ್ನೂ ಅಡಿಗೆಮನೆಯಲ್ಲಿ ಕೂಡಿಹಾಕುತ್ತೇವೆ, ಅದಕ್ಕೆ ಕಟ್ಟಡದ ಖರ್ಚೂ ಇಲ್ಲ.

ವಿಕ್ಟರನನ್ನು ನೋಡಿಕೊಂಡದ್ದಕ್ಕೆ ಫ್ರೆಂಚ್ ಸರ್ಕಾರ ಮದಾಂ ಗೆರಾನಳಿಗೆ ವರ್ಷಕ್ಕೆ 150 ಫ್ರಾಂಕ್ ಕೊಡುತ್ತಿತ್ತು. ದೊಡ್ಡ ಮೊತ್ತವೇನಲ್ಲ. ಆದರೂ ಅದು ಕೆಲಸ, ಅದಕ್ಕೆ ಕೂಲಿ ಸಲ್ಲಬೇಕು ಎಂದು ಒಂದು ಸರ್ಕಾರ ಅಷ್ಟು ಹಿಂದೆಯೇ ಒಪ್ಪಿತ್ತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತು ಆಡುತ್ತದೆ. ಕಾನೂನಿನಲ್ಲಿ ಆ ಮಾತಿದೆ ಎಂಬುದೇ ಎಷ್ಟೋ ತಾಯಂದಿರಿಗೆ ಗೊತ್ತಿಲ್ಲ. ಗೊತ್ತಿರುವವರು ಗೊತ್ತಿಲ್ಲದವರಿಗೆ ಹೇಳಬೇಕು, ತಾಲ್ಲೂಕು ಕಚೇರಿಯ ತನಕ ಜೊತೆಗೆ ಹೋಗಬೇಕು, ಅರ್ಜಿ ಬರೆದುಕೊಡಬೇಕು. ಆಕೆ ಕಚೇರಿಗೆ ಹೋಗಿ ಬರುವವರೆಗೆ ಯಾರಾದರೂ ಒಂದು ಗಂಟೆ ಆ ಮಗುವಿನ ಪಕ್ಕದಲ್ಲಿ ಕೂರಬೇಕು. ಅಷ್ಟು ಹೊತ್ತಿನಲ್ಲಿ ಅದು ಸೆರಗು ಎಳೆದರೆ ಏಕೆಂದು ತಿಳಿದಿರಬೇಕು.